ಸೆರೆಯಾಳಿನ ಲೆಕ್ಕದ ಮೇಲೆ ನಿಂತ ನಗರ: ತೆನೊಚ್ತಿತ್ಲಾನ್‌ನ ಯೋಧ ಸಮಾಜ

ಗರಿಗಳ ಕಿರೀಟ, ಮೆಟ್ಟಿಲು ಮೆಟ್ಟಿಲಾಗಿ ಏರುವ ಪಿರಮಿಡ್ಡು, ಸಾಲುಗಟ್ಟಿದ ತಲೆಬುರುಡೆ: ಕಾಲ್ಪನಿಕ ಕಥೆಗಳಲ್ಲೋ ವಿಡಿಯೊ ಗೇಮುಗಳಲ್ಲೋ ಅಸ್ಟೆಕ್ ಛಾಯೆಯ ಯೋಧನಗರವೊಂದನ್ನು ಕಟ್ಟುವವರು ಮೊದಲು ಕೈಹಾಕುವುದು ಈ ಮೂರಕ್ಕೆ. ಇಷ್ಟರಿಂದ ನಗರವೇನೋ ಕಣ್ಣಿಗೆ ಕಟ್ಟುತ್ತದೆ. ಆದರೆ ಅಲ್ಲಿನ ರೈತನ ಮಗ ಯಾಕೆ ಯುದ್ಧಕ್ಕೆ ಹೋಗುತ್ತಾನೆ, ಗೆದ್ದು ಬಂದವನಿಗೆ ಏನು ಸಿಗುತ್ತದೆ, ಅವನು ಹೊದೆಯುವ ಬಟ್ಟೆಯ ಹತ್ತಿ ಎಲ್ಲಿಂದ ಬರುತ್ತದೆ, ಬರಿಗೈಲಿ ಮರಳಿದವನ ಗತಿ ಏನು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿರುವುದಿಲ್ಲ. ಈ ಕಲ್ಪನೆಗಳಿಗೆಲ್ಲ ಮೂಲವಾದ ನಿಜವಾದ ನಗರ, ಇಂದಿನ ಮೆಕ್ಸಿಕೊ ನಗರದ ಅಡಿಯಲ್ಲಿ ಹೂತುಹೋಗಿರುವ ತೆನೊಚ್ತಿತ್ಲಾನ್, ಈ ಪ್ರಶ್ನೆಗಳಿಗೆ ಬಹಳ ವಿವರವಾಗಿಯೇ ಉತ್ತರ ಕೊಡುತ್ತದೆ. ಅಲ್ಲಿ ವಾಸಿಸಿದ ಮೆಶಿಕಾ ಜನರನ್ನೇ ನಾವು ಸಾಮಾನ್ಯವಾಗಿ ಅಸ್ಟೆಕ್ ಎಂದು ಕರೆಯುವುದು. ಅವರ ಪದ್ಧತಿಗಳು ಬಿಡಿಬಿಡಿಯಾಗಿ ನೋಡಿದಾಗ ವಿಚಿತ್ರವೆನಿಸುತ್ತವೆ. ಯುದ್ಧದಲ್ಲಿ ಜೀವಂತವಾಗಿ ಹಿಡಿದು ತಂದ ಸೆರೆಯಾಳು ಎಂಬ ಒಂದು ಎಳೆಯನ್ನು ಹಿಡಿದು ಹೊರಟರೆ, ಕೂದಲು, ಬಟ್ಟೆ, ಹೆರಿಗೆ, ಕಪ್ಪಕಾಣಿಕೆ ಎಲ್ಲವೂ ಒಂದೇ ಖಾತೆಪುಸ್ತಕದ ಬೇರೆ ಬೇರೆ ಪುಟಗಳಂತೆ ಅರ್ಥವಾಗತೊಡಗುತ್ತವೆ.

ಇಷ್ಟು ವಿವರ ನಮಗೆ ದಕ್ಕಿದ್ದು ಹೇಗೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸ್ಪೇನಿನವರು ನಗರವನ್ನು ಗೆದ್ದ ಮೇಲೆ, ಬರ್ನಾರ್ಡಿನೊ ದೆ ಸಾಹಾಗುನ್ ಎಂಬ ಕ್ರೈಸ್ತ ಸನ್ಯಾಸಿ ಸ್ಥಳೀಯ ಹಿರಿಯರನ್ನೂ ಓದುಬರಹ ಬಲ್ಲ ಸ್ಥಳೀಯ ಯುವಕರನ್ನೂ ಕೂಡಿಸಿಕೊಂಡು, ಅವರದೇ ನಾವಾಟ್ಲ್ ಭಾಷೆಯಲ್ಲಿ ದಶಕಗಳ ಕಾಲ ಮಾಹಿತಿ ಕಲೆಹಾಕಿದ. ಹನ್ನೆರಡು ಭಾಗಗಳ ಆ ಗ್ರಂಥ 1577ರ ಹೊತ್ತಿಗೆ ಸಿದ್ಧವಾಯಿತು. ಈಗ ಇಟಲಿಯ ಫ್ಲಾರೆನ್ಸಿನಲ್ಲಿದೆ. ದಿಯೆಗೊ ದುರಾನ್ ಎಂಬ ಮತ್ತೊಬ್ಬ ಸನ್ಯಾಸಿ ಅರಸರ ಚರಿತ್ರೆಯನ್ನು ಬರೆದ. 1541ರ ಸುಮಾರಿಗೆ ಸ್ಥಳೀಯ ಚಿತ್ರಲಿಪಿಕಾರರು ರಚಿಸಿದ ಮೆಂಡೋಜ಼ಾ ಚಿತ್ರಗ್ರಂಥದಲ್ಲಿ ಗೆದ್ದ ಊರುಗಳ ಪಟ್ಟಿ, ಕಪ್ಪದ ಲೆಕ್ಕ, ಮಕ್ಕಳನ್ನು ಬೆಳೆಸುವ ಕ್ರಮ, ಯೋಧರ ಶ್ರೇಣಿಗಳು ಇವೆಲ್ಲ ಬಣ್ಣದಲ್ಲಿ ಚಿತ್ರಿತವಾಗಿವೆ. ಇವೆಲ್ಲವೂ ಸೋಲಿನ ನಂತರದ ಬರಹಗಳು. ಮಾಹಿತಿ ಕೊಟ್ಟವರಿಗೆ ತಮ್ಮ ಗತವೈಭವದ ಹೆಮ್ಮೆಯಿತ್ತು, ಬರೆಸಿದವರಿಗೆ ಹಳೆಯ ದೇವರುಗಳ ಬಗ್ಗೆ ಜುಗುಪ್ಸೆಯಿತ್ತು. ಓದುವಾಗ ಈ ಎರಡನ್ನೂ ನೆನಪಿನಲ್ಲಿಟ್ಟುಕೊಳ್ಳಬೇಕು.

ಮೆಶಿಕಾ ಜನ ಹುಟ್ಟಿನಿಂದಲೇ ಬಲಿಷ್ಠರಾಗಿದ್ದವರಲ್ಲ. ತೆಶ್ಕೋಕೊ ಸರೋವರದ ಜೌಗು ದ್ವೀಪವೊಂದರಲ್ಲಿ 1325ರಲ್ಲಿ ನೆಲೆ ನಿಂತರೆಂಬುದು ಸಾಂಪ್ರದಾಯಿಕ ಲೆಕ್ಕ. ಅಲ್ಲಿ ಉಳಲು ನೆಲವಿರಲಿಲ್ಲ, ಕಟ್ಟಲು ಕಲ್ಲು ಮರಗಳಿರಲಿಲ್ಲ. ಮೀನು, ನೀರುಹಕ್ಕಿ, ಜೊಂಡು ಇದ್ದವು. ಒಂದು ಶತಮಾನ ಕಾಲ ಅವರು ದಡದ ಪ್ರಬಲ ರಾಜ್ಯವಾದ ಅಸ್ಕಪೊತ್ಸಾಲ್ಕೊಗೆ ಕಪ್ಪ ಕೊಡುತ್ತ, ಅದರ ಪರವಾಗಿ ಕಾದಾಡುತ್ತ ಬದುಕಿದರು. 1428ರಲ್ಲಿ ಅರಸ ಇತ್ಸ್ಕೋವಾತ್ಲ್, ತೆಶ್ಕೋಕೊದ ನೆಸವಾಲ್ಕೊಯೋತ್ಲ್ ಮತ್ತು ತ್ಲಾಕೋಪಾನ್ ನಗರದವರೊಂದಿಗೆ ಸೇರಿ ಆ ಒಡೆಯನನ್ನೇ ಉರುಳಿಸಿದ. ಮೂರು ನಗರಗಳ ಈ ಕೂಟ ಮುಂದಿನ ಸುಮಾರು ತೊಂಬತ್ತು ವರ್ಷ ಮಧ್ಯ ಮೆಕ್ಸಿಕೊವನ್ನು ಆಳಿತು. ಕಪ್ಪದಲ್ಲಿ ಐದರಲ್ಲಿ ಎರಡು ಪಾಲು ತೆನೊಚ್ತಿತ್ಲಾನ್‌ಗೆ, ಎರಡು ಪಾಲು ತೆಶ್ಕೋಕೊಗೆ, ಒಂದು ಪಾಲು ತ್ಲಾಕೋಪಾನ್‌ಗೆ ಎಂಬುದು ಒಪ್ಪಂದ. ಅಸ್ಕಪೊತ್ಸಾಲ್ಕೊದ ಹೊಲಗಳು ಹಂಚಿಕೆಯಾದಾಗ ಹೆಚ್ಚಿನವು ಅರಸನಿಗೆ, ಅವನ ಬಂಧುಗಳಿಗೆ, ಯುದ್ಧದಲ್ಲಿ ಮೆರೆದವರಿಗೆ ಹೋದವು. ಯುದ್ಧದಿಂದ ಭೂಮಿ, ಭೂಮಿಯಿಂದ ಕುಲೀನತೆ ಎಂಬ ಸರಪಳಿ ಶುರುವಾದದ್ದು ಇಲ್ಲಿಂದ.

ನಗರ ಕೇರಿಗಳಾಗಿ ಹಂಚಿಹೋಗಿತ್ತು. ಕಲ್ಪುಲ್ಲಿ ಎಂದು ಕರೆಯುತ್ತಿದ್ದ ಈ ಕೇರಿಗಳು ಜಮೀನನ್ನು ಒಟ್ಟಾಗಿ ಹೊಂದಿದ್ದವು, ತಮ್ಮದೇ ಗುಡಿಯನ್ನು ನಡೆಸುತ್ತಿದ್ದವು, ಯುದ್ಧಕ್ಕೆ ತಮ್ಮದೇ ತುಕಡಿಯನ್ನು ಕಳಿಸುತ್ತಿದ್ದವು. ಮಗು ಹುಟ್ಟಿದಂದೇ ಲೆಕ್ಕ ಆರಂಭವಾಗುತ್ತಿತ್ತು. ಗಂಡುಮಗುವಿಗೆ ನೀರೆರೆಯುವಾಗ ಪುಟ್ಟ ಗುರಾಣಿಯನ್ನೂ ಬಾಣಗಳನ್ನೂ ತೋರಿಸಿ, ಅವನ ಹೊಕ್ಕುಳಬಳ್ಳಿಯನ್ನು ರಣರಂಗದಲ್ಲಿ ಹೂಳಲೆಂದು ಯೋಧರ ಕೈಗೆ ಕೊಡುತ್ತಿದ್ದರು. ಹೆಣ್ಣುಮಗುವಿಗೆ ಕದಿರು, ಪೊರಕೆ. ಅವಳ ಹೊಕ್ಕುಳಬಳ್ಳಿ ಒಲೆಯ ಬಳಿ. ಮೆಂಡೋಜ಼ಾ ಚಿತ್ರಗ್ರಂಥ ಮಕ್ಕಳ ಬೆಳವಣಿಗೆಯನ್ನು ವರ್ಷದ ಲೆಕ್ಕದಲ್ಲಿ ತೋರಿಸುತ್ತದೆ: ಮೂರು ವರ್ಷದ ಮಗುವಿಗೆ ಒಂದು ಹೊತ್ತಿಗೆ ಅರ್ಧ ಮೆಕ್ಕೆಜೋಳದ ರೊಟ್ಟಿ, ಹದಿಮೂರರ ಹುಡುಗನಿಗೆ ಎರಡು. ಹೇಳಿದ ಮಾತು ಕೇಳದ ಹನ್ನೊಂದರ ಮಗುವನ್ನು ಒಣಮೆಣಸಿನಕಾಯಿ ಸುಟ್ಟ ಘಾಟಿನ ಮೇಲೆ ಹಿಡಿಯುವ ಚಿತ್ರವೂ ಅದರಲ್ಲಿದೆ. ಅಂದಹಾಗೆ, ನಮ್ಮ ಒಗ್ಗರಣೆಯ ಮೆಣಸಿನಕಾಯಿ ಅದೇ ನಾಡಿನ ಗಿಡದ ಸಂತತಿ. ಪೋರ್ಚುಗೀಸರ ಹಡಗುಗಳಲ್ಲಿ ಅದು ಈ ಕರಾವಳಿ ತಲುಪಿದ್ದು ಆ ನಗರ ಇತಿಹಾಸ ಸೇರಿದ ಕಾಲದ ಆಸುಪಾಸಿನಲ್ಲೇ.

ಹದಿನೈದರ ಸುಮಾರಿಗೆ ಹುಡುಗರು ಶಾಲೆ ಸೇರುತ್ತಿದ್ದರು. ಸಾಮಾನ್ಯರ ಮಕ್ಕಳಿಗೆ ಕೇರಿಯ ತೆಲ್ಪೊಚ್ಕಲ್ಲಿ, ಕುಲೀನರ ಮಕ್ಕಳಿಗೂ ಅರ್ಚಕರಾಗುವವರಿಗೂ ಕಲ್ಮೆಕಾಕ್. ಕೇರಿಯ ಶಾಲೆಯೆಂದರೆ ಓದಿಗಿಂತ ದುಡಿಮೆ ಹೆಚ್ಚು: ಸೌದೆ ಹೊರುವುದು, ಕಾಲುವೆ ತೋಡುವುದು, ಗೋಡೆ ಕಟ್ಟುವುದು, ಸಂಜೆಯಾದರೆ ಹಾಡು ಕುಣಿತ, ರಾತ್ರಿ ಅಲ್ಲೇ ನಿದ್ದೆ. ಕಲ್ಮೆಕಾಕ್‌ನಲ್ಲಿ ಉಪವಾಸ, ರಾತ್ರಿ ಜಾಗರಣೆ, ಪಂಚಾಂಗ, ಚಿತ್ರಲಿಪಿ, ಸಭೆಯಲ್ಲಿ ಮಾತಾಡುವ ರೀತಿ ಇವೆಲ್ಲ ಸೇರಿದ್ದವು. ಎರಡೂ ಕಡೆ ಕುಡಿತಕ್ಕೆ ಕಠಿಣ ಶಿಕ್ಷೆ. ಕುಡಿದು ಸಿಕ್ಕಿಬಿದ್ದ ಯುವಕನ ಜೀವವೇ ಹೋಗಬಹುದಿತ್ತು. ಕತ್ತಾಳೆಯ ರಸವನ್ನು ಹುದುಗಿಸಿದ ಪುಲ್ಕೆ ಎಂಬ ಪಾನೀಯವನ್ನು ನಿರಾತಂಕವಾಗಿ ಕುಡಿಯುವ ಹಕ್ಕು ಮೊಮ್ಮಕ್ಕಳನ್ನು ಕಂಡ ಎಪ್ಪತ್ತರ ವೃದ್ಧರಿಗಿತ್ತು.

ಇನ್ನು ಕೂದಲಿನ ವಿಷಯ. ಹತ್ತು ವರ್ಷವಾದ ಹುಡುಗನ ಹಿಂದಲೆಯಲ್ಲಿ ಒಂದು ಜುಟ್ಟು ಬಿಡುತ್ತಿದ್ದರು. ಯುದ್ಧದಲ್ಲಿ ಶತ್ರುವನ್ನು ಜೀವಂತ ಹಿಡಿಯುವವರೆಗೆ ಅದನ್ನು ತೆಗೆಯುವಂತಿರಲಿಲ್ಲ. ಹದಿನೆಂಟು ಇಪ್ಪತ್ತಾದರೂ ಜುಟ್ಟು ಬೆನ್ನಿಗಿಳಿದಿದ್ದರೆ ಅವನು ಇನ್ನೂ ಹುಡುಗನೇ ಎಂದು ಊರಿಗೆಲ್ಲ ತಿಳಿಯುತ್ತಿತ್ತು, ಹೆಂಗಸರೂ ಆಡಿಕೊಳ್ಳುತ್ತಿದ್ದರು. ಮೊದಲ ಸಲ ದಂಡಿನ ಜೊತೆ ಹೋದವನು ಸಾಮಾನು ಹೊತ್ತು, ಅನುಭವಿ ಯೋಧನೊಬ್ಬನ ಹಿಂದೆ ನಿಂತು ನೋಡಿ ಕಲಿಯುತ್ತಿದ್ದ. ಕುಲೀನ ತಂದೆತಾಯಿಗಳು ಆ ಯೋಧನಿಗೆ ಊಟ ಉಡುಗೊರೆ ಕೊಟ್ಟು ಮಗನ ಮೇಲೆ ಕಣ್ಣಿಡುವಂತೆ ಬೇಡಿಕೊಳ್ಳುತ್ತಿದ್ದರು. ಮುಂದೆ ಕೆಲವರು ಕೂಡಿ ಒಬ್ಬನನ್ನು ಹಿಡಿಯುವ ಪ್ರಯತ್ನ. ಆರು ಜನರವರೆಗೆ ಒಬ್ಬ ಸೆರೆಯಾಳಿನಲ್ಲಿ ಪಾಲು ಪಡೆಯಬಹುದಿತ್ತು, ಮತ್ತು ಆ ಪಾಲು ಬರಿಯ ಮಾತಿನದಾಗಿರಲಿಲ್ಲ: ಬಲಿಯ ನಂತರ ಮುಂಡ ಮತ್ತು ಬಲತೊಡೆ ನಿಜವಾದ ಹಿಡಿದವನಿಗೆ, ಎಡತೊಡೆ ಎರಡನೆಯವನಿಗೆ, ಹೀಗೆ ಕೊನೆಯವನಿಗೆ ಎಡ ಮುಂಗೈ. ಓದುವಾಗ ಮೈ ನಡುಗುತ್ತದೆ, ಆದರೆ ಆ ಹಂಚಿಕೆಯಲ್ಲಿರುವ ನಿಷ್ಕೃಷ್ಟತೆಯನ್ನು ಗಮನಿಸಬೇಕು. ಯಾರು ಎಷ್ಟು ಮಾಡಿದರೆಂಬ ದಾಖಲೆ ಅದು. ಇತರರ ನೆರವಿನಿಂದ ಹಿಡಿದವನ ಜುಟ್ಟು ಹೋಗುತ್ತಿತ್ತು, ಆದರೆ ತಲೆಯ ಒಂದು ಪಕ್ಕದಲ್ಲಿ ಕೂದಲು ಉಳಿಸುತ್ತಿದ್ದರು. ಪೂರ್ಣ ಗೌರವ ಬೇಕಾದರೆ ಒಬ್ಬನೇ ಹಿಡಿಯಬೇಕಿತ್ತು. ಮತ್ತೊಬ್ಬನ ಸೆರೆಯಾಳನ್ನು ತನ್ನದೆಂದು ಹೇಳಿಕೊಂಡವನಿಗೆ ಮರಣದಂಡನೆ.

ಒಬ್ಬನನ್ನು ಹಿಡಿದರೆ ಹೂವಿನ ಅಂಚಿನ ಹೊದಿಕೆ, ಇಬ್ಬರನ್ನು ಹಿಡಿದರೆ ಬೇರೆ ಬಣ್ಣದ ಹೊದಿಕೆಯ ಜೊತೆ ಶಂಕುವಿನಾಕಾರದ ಟೋಪಿಯ ಸಮರವೇಷ, ಮೂವರನ್ನು ಹಿಡಿದರೆ ಬೆನ್ನಿಗೆ ಕಟ್ಟುವ ಗರಿಗಳ ಚಿಟ್ಟೆ, ನಾಲ್ವರನ್ನು ಹಿಡಿದರೆ ಜಾಗ್ವಾರ್ ವೇಷ ಮತ್ತು ತೆಕಿವಾ ಎಂಬ ಪದವಿ. ತೆಕಿವಾ ಆದವನಿಗೆ ಯುದ್ಧಸಭೆಯಲ್ಲಿ ಸ್ಥಾನವಿತ್ತು. ಅದಕ್ಕೂ ಮೇಲೆ ಒತೊಮಿತ್ಲ್, ಎಲ್ಲಕ್ಕೂ ಮೇಲೆ ಕ್ವಾಚಿಕ್: ತಲೆಯ ನಡುವೆ ಏಣಿನಂತೆ ಒಂದಿಷ್ಟು ಕೂದಲು ಬಿಟ್ಟು ಉಳಿದದ್ದನ್ನೆಲ್ಲ ಬೋಳಿಸಿಕೊಂಡು, ರಣದಲ್ಲಿ ಒಂದು ಹೆಜ್ಜೆಯೂ ಹಿಂದಿಡೆನೆಂದು ಶಪಥ ಮಾಡಿದವರು. ಸಾಮಾನ್ಯನ ಮಗನೊಬ್ಬ ಹೀಗೆ ಮೇಲೇರಿದಾಗ ಅವನಿಗೆ ಕ್ವಾವ್‌ಪಿಲ್ಲಿ, ಅಂದರೆ ಹದ್ದಿನ ಕುಲೀನ, ಎಂಬ ಮಾನ್ಯತೆ ಸಿಗುತ್ತಿತ್ತು. ಆಗ ಅವನು ಹತ್ತಿಬಟ್ಟೆ ಹೊದೆಯಬಹುದು, ಅರಮನೆಯಲ್ಲಿ ಉಣ್ಣಬಹುದು, ಪುಲ್ಕೆ ಕುಡಿಯಬಹುದು, ಉಪಪತ್ನಿಯರನ್ನು ಇಟ್ಟುಕೊಳ್ಳಬಹುದು. ಹಿಡಿದವನು ಯಾವ ಊರಿನವನು ಎಂಬುದೂ ಲೆಕ್ಕಕ್ಕೆ ಬರುತ್ತಿತ್ತು. ಪೂರ್ವ ಕರಾವಳಿಯ ವಾಸ್ತೆಕ್ ಜನರನ್ನು ಹತ್ತು ಮಂದಿ ಹಿಡಿದು ತಂದರೂ ಅಷ್ಟು ಹೆಸರು ಬರುತ್ತಿರಲಿಲ್ಲ. ವೆಶೊತ್ಸಿಂಕೊ, ಅತ್ಲಿಶ್ಕೊ ಕಡೆಯ ಗಟ್ಟಿ ಯೋಧನೊಬ್ಬನನ್ನು ಹಿಡಿದರೆ ಊರೇ ಹೊಗಳುತ್ತಿತ್ತು.

ಬಟ್ಟೆಗೆ ಇಷ್ಟು ಮಹತ್ವ ಯಾಕೆಂದರೆ, ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರದಲ್ಲಿರುವ ಆ ಕಣಿವೆಯಲ್ಲಿ ಹತ್ತಿ ಬೆಳೆಯುವುದೇ ಇಲ್ಲ. ತಗ್ಗಿನ ಬಿಸಿನಾಡುಗಳನ್ನು ಗೆದ್ದು, ಅಲ್ಲಿಂದ ಕಪ್ಪವಾಗಿ ತರಬೇಕು. ದುರಾನ್ ದಾಖಲಿಸುವಂತೆ ಮೊದಲನೆಯ ಮೊಕ್ತೆಸುಮಾ (ಆಳ್ವಿಕೆ 1440–1469) ಹೊರಡಿಸಿದ ಕಟ್ಟಳೆಗಳ ಪ್ರಕಾರ ಸಾಮಾನ್ಯರು ಕತ್ತಾಳೆ ನಾರಿನ ಬಟ್ಟೆಯನ್ನೇ ಹೊದೆಯಬೇಕು, ಅದು ಮೊಣಕಾಲು ದಾಟಬಾರದು. ಕಾಲಿನಲ್ಲಿ ಯುದ್ಧದ ಗಾಯವಿದ್ದವನು ಮಾತ್ರ ಅದನ್ನು ಮುಚ್ಚುವಷ್ಟು ಉದ್ದ ಹೊದೆಯಬಹುದು. ಆ ಒಂದು ವಿನಾಯಿತಿಯಲ್ಲಿ ಇಡೀ ವ್ಯವಸ್ಥೆಯ ಮನಸ್ಸು ಕಾಣುತ್ತದೆ. ಎರಡಂತಸ್ತಿನ ಮನೆ, ತುಟಿಯ ಆಭರಣ, ಅರಮನೆಯೊಳಗೆ ಚಪ್ಪಲಿ ಇವೆಲ್ಲಕ್ಕೂ ಇಂಥದೇ ಮಿತಿಗಳಿದ್ದವು. ಸುಮಾರು 38 ಪ್ರಾಂತಗಳ ಕಪ್ಪದ ಪಟ್ಟಿಯಲ್ಲಿ ಹೊದಿಕೆಗಳ ಕಟ್ಟು, ಕೋಕೊ ಬೀಜ, ಮೆಕ್ಕೆಜೋಳ, ಒಣಮೆಣಸಿನಕಾಯಿ ಮೂಟೆಗಳ ಜೊತೆಗೆ ಗರಿಗಳಿಂದ ಮಾಡಿದ ಸಮರವೇಷಗಳೂ ಗುರಾಣಿಗಳೂ ಮತ್ತೆ ಮತ್ತೆ ಬರುತ್ತವೆ. ಅಂದರೆ ಯೋಧನಿಗೆ ಬಹುಮಾನವಾಗಿ ಸಿಗುತ್ತಿದ್ದ ವೇಷವನ್ನು ಹೊಲಿದು ಕಳಿಸುತ್ತಿದ್ದವರು ಹಿಂದೆ ಇದೇ ಸೈನ್ಯಕ್ಕೆ ಸೋತ ಊರಿನವರು. ಹೊಸ ಯೋಧರಿಗೆ ಕೊಡಲು ಹೊಸ ವೇಷ ಬೇಕು, ಹೊಸ ವೇಷಕ್ಕೆ ಹೊಸ ಪ್ರಾಂತ ಬೇಕು. ಪಟ್ಟಕ್ಕೆ ಬಂದ ಪ್ರತಿ ಅರಸನೂ ಮೊದಲು ಒಂದು ದಂಡಯಾತ್ರೆ ಮಾಡಿ ಸೆರೆಯಾಳುಗಳನ್ನು ತರಬೇಕೆಂಬ ನಿಯಮದ ಹಿಂದೆ ಭಕ್ತಿ ಎಷ್ಟಿತ್ತೋ ಈ ಅಗತ್ಯವೂ ಅಷ್ಟೇ ಇತ್ತು ಎಂದು ನನ್ನ ಎಣಿಕೆ.

ಹಿಡಿದವನಿಗೂ ಸೆರೆಸಿಕ್ಕವನಿಗೂ ಏರ್ಪಡುತ್ತಿದ್ದ ಸಂಬಂಧ ಈ ಸಂಸ್ಕೃತಿಯ ಅತ್ಯಂತ ಕಷ್ಟದ ಭಾಗ. ಹಿಡಿದವನು ಸೆರೆಯಾಳನ್ನು ಪ್ರೀತಿಯ ಮಗನೆಂದೂ, ಅವನು ಇವನನ್ನು ಪ್ರೀತಿಯ ತಂದೆಯೆಂದೂ ಕರೆಯಬೇಕಿತ್ತು. ವಸಂತದ ಹೊತ್ತಿಗೆ ಬರುತ್ತಿದ್ದ ಶಿಪೆ ತೊತೆಕ್ ದೇವರ ಹಬ್ಬದಲ್ಲಿ, ಆಯ್ದ ಸೆರೆಯಾಳುಗಳನ್ನು ದುಂಡನೆಯ ಕಲ್ಲೊಂದಕ್ಕೆ ಹಗ್ಗದಿಂದ ಕಟ್ಟಿ, ಕೈಗೆ ಕತ್ತಿ ಕೊಡುತ್ತಿದ್ದರು. ಮೆಶಿಕಾ ಕತ್ತಿಯೆಂದರೆ ಮರದ ದಿಮ್ಮಿಯ ಎರಡು ಅಂಚಿಗೂ ಜ್ವಾಲಾಮುಖಿ ಗಾಜಿನ ಅಲಗುಗಳನ್ನು ಕೂರಿಸಿದ ಮಕ್ವಾವಿತ್ಲ್. ಸೆರೆಯಾಳಿಗೆ ಕೊಡುತ್ತಿದ್ದ ಕತ್ತಿಯಲ್ಲಿ ಅಲಗಿನ ಬದಲು ಗರಿಗಳಿರುತ್ತಿದ್ದವು. ಎದುರಿಗೆ ಪೂರ್ಣ ಸಜ್ಜಾದ ಹದ್ದು ಮತ್ತು ಜಾಗ್ವಾರ್ ಯೋಧರು ಸರದಿಯಲ್ಲಿ ಬರುತ್ತಿದ್ದರು. ಅವನು ಎಷ್ಟು ಧೀರನಾಗಿ ಹೋರಾಡಿದರೆ ಅವನನ್ನು ಹಿಡಿದವನಿಗೆ ಅಷ್ಟು ಕೀರ್ತಿ. ಬಲಿಯ ನಂತರದ ಊಟಕ್ಕೆ ಹಿಡಿದವನ ಬಂಧುಗಳು ಕೂರುತ್ತಿದ್ದರು. ಹಿಡಿದವನು ಮಾತ್ರ ಮುಟ್ಟುತ್ತಿರಲಿಲ್ಲ, ತನ್ನನ್ನೇ ತಾನು ತಿನ್ನುವುದುಂಟೆ ಎಂಬುದು ಅವನ ಮಾತು. ಸೆರೆಯಾಳಿನ ತೊಡೆಮೂಳೆಯನ್ನು ಕಾಗದದಿಂದ ಸಿಂಗರಿಸಿ ತನ್ನ ಅಂಗಳದ ಕಂಬಕ್ಕೆ ಕಟ್ಟುತ್ತಿದ್ದ. ಇಂದು ನಾನು ಹಿಡಿದವನು, ನಾಳೆ ಮತ್ತೊಂದು ನಗರದ ಕಲ್ಲಿನ ಮೇಲೆ ನಿಲ್ಲುವವನು ನಾನೇ ಆಗಿರಬಹುದು ಎಂಬ ಅರಿವು ಈ ಆಚರಣೆಯೊಳಗೇ ಇತ್ತು. ಬಲಿ ಕೊಡುವುದನ್ನು ಇದು ಸಹ್ಯವಾಗಿಸುವುದಿಲ್ಲ. ಆದರೆ ಇದನ್ನು ಬರಿಯ ಕ್ರೌರ್ಯದ ಸಂಭ್ರಮವೆಂದು ಓದಿದವರಿಗೆ ಆ ಯೋಧ ಯಾಕೆ ಅಂದು ಊಟ ಬಿಟ್ಟು ಕೂತನೆಂಬುದು ತಿಳಿಯುವುದಿಲ್ಲ.

ಹೆಂಗಸರನ್ನು ಈ ಖಾತೆಯಿಂದ ಹೊರಗಿಟ್ಟಿರಲಿಲ್ಲ. ಹೆರಿಗೆಯನ್ನು ಅವರು ಯುದ್ಧವೆಂದೇ ಭಾವಿಸಿದ್ದರು. ಮಗು ಹೊರಬಂದೊಡನೆ ಸೂಲಗಿತ್ತಿ ರಣಕೇಕೆ ಹಾಕುತ್ತಿದ್ದಳು: ಈ ತಾಯಿ ಚೆನ್ನಾಗಿ ಕಾದಾಡಿದಳು, ಒಂದು ಮಗುವನ್ನು ಸೆರೆಹಿಡಿದಳು ಎಂಬುದು ಅದರ ಅರ್ಥ. ಹೆರಿಗೆಯಲ್ಲಿ ಸತ್ತವಳು ರಣದಲ್ಲಿ ಮಡಿದವನಿಗೆ ಸಮಾನ. ಮಡಿದ ಯೋಧರು ಸೂರ್ಯನನ್ನು ಮೂಡಣದಿಂದ ನಡುನೆತ್ತಿಯವರೆಗೆ ಕರೆತರುತ್ತಾರೆ, ಅಲ್ಲಿಂದ ಪಡುವಣಕ್ಕೆ ಕರೆದೊಯ್ಯುವವರು ಈ ತಾಯಂದಿರು ಎಂದು ನಂಬಿಕೆ. ನಾಲ್ಕು ವರ್ಷದ ನಂತರ ಯೋಧರು ಹಮ್ಮಿಂಗ್‌ಬರ್ಡ್‌ಗಳಾಗಿ, ಚಿಟ್ಟೆಗಳಾಗಿ ಹೂವಿನಿಂದ ಹೂವಿಗೆ ಹಾರುತ್ತಾರೆ. ತಾಯಂದಿರಿಗೆ ಆ ಸುಖವಿಲ್ಲ, ಅವರು ಕೆಲವು ದಿನಗಳಲ್ಲಿ ಭೂಮಿಗಿಳಿದು ಕವಲುದಾರಿಗಳಲ್ಲಿ ಮಕ್ಕಳನ್ನು ಕಾಡುವ ಭಯಂಕರ ಶಕ್ತಿಗಳಾಗುತ್ತಾರೆ. ಸತ್ತ ಬಾಣಂತಿಯ ಎಡಗೈಯ ನಡುಬೆರಳು, ತಲೆಗೂದಲು ಗುರಾಣಿಯಲ್ಲಿದ್ದರೆ ಗೆಲುವು ಖಚಿತವೆಂದು ಯುವ ಯೋಧರು ಅವನ್ನು ಕದಿಯಲು ಹೊಂಚುತ್ತಿದ್ದರು. ಆದ್ದರಿಂದ ಗಂಡ ಮತ್ತು ಸೂಲಗಿತ್ತಿಯರು ಆಯುಧ ಹಿಡಿದು ನಾಲ್ಕು ರಾತ್ರಿ ಶವಕ್ಕೆ ಕಾವಲು ಕೂರುತ್ತಿದ್ದರು. ಗೌರವ ಸಮಾನವೆಂದರೂ ಅದರ ಫಲ ಸಮಾನವಾಗಿರಲಿಲ್ಲ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ದೂರದೂರ ಸರಕು ಸಾಗಿಸುತ್ತಿದ್ದ ಪೊಚ್ತೆಕಾ ವ್ಯಾಪಾರಿಗಳು ರಣದಲ್ಲಿ ಸೆರೆಯಾಳು ಹಿಡಿಯದಿದ್ದರೂ ದುಡ್ಡು ಕೊಟ್ಟು ಗುಲಾಮರನ್ನು ಕೊಂಡು, ಸ್ನಾನ ಮಾಡಿಸಿ ಬಲಿಗೆ ಒಪ್ಪಿಸಿ ತಮ್ಮ ಪಾಲಿನ ಗೌರವ ಗಳಿಸುತ್ತಿದ್ದರು. ಯೋಧರ ಕಣ್ಣು ಕೆಂಪಾಗದಂತೆ ಹರಕು ಬಟ್ಟೆಯಲ್ಲಿ, ರಾತ್ರಿಯಲ್ಲಿ ಊರು ಸೇರಿ ಸಂಪತ್ತನ್ನು ಬಚ್ಚಿಡುತ್ತಿದ್ದರು.

ಈಗ ಹೂವಿನ ಯುದ್ಧಗಳಿಗೆ ಬರಬಹುದು. ಪೂರ್ವದ ಬೆಟ್ಟಗಳಾಚೆ ತ್ಲಾಶ್ಕಲಾ, ವೆಶೊತ್ಸಿಂಕೊ, ಚೊಲೂಲಾ ನಗರಗಳಿದ್ದವು. ಭಾಷೆ ಒಂದೇ, ದೇವರುಗಳೂ ಬಹುಪಾಲು ಅವರೇ. ಈ ನಗರಗಳೊಡನೆ ಗೊತ್ತುಮಾಡಿದ ದಿನ, ಗೊತ್ತುಮಾಡಿದ ಬಯಲಿನಲ್ಲಿ ಕಾಳಗ ನಡೆಯುತ್ತಿತ್ತು. ದೂರದ ಜನರನ್ನು ಬಲಿಗೆ ತರುವುದು ಹಳಸಿದ ರೊಟ್ಟಿ ಬಡಿಸಿದಂತೆ, ನೆರೆಯ ಈ ಯೋಧರು ಹೆಂಚಿನಿಂದ ಆಗಷ್ಟೇ ಇಳಿಸಿದ ಬಿಸಿರೊಟ್ಟಿ, ಆದ್ದರಿಂದ ದೇವರಿಗೆ ಹತ್ತಿರದಲ್ಲೇ ಒಂದು ಸಂತೆ ಬೇಕು ಎಂದು ಮಂತ್ರಿ ತ್ಲಾಕಾಯೆಲೆಲ್ ವಾದಿಸಿದನೆಂದು ದುರಾನ್ ಬರೆಯುತ್ತಾನೆ. ಬಹಳ ಕಾಲ ವಿದ್ವಾಂಸರು ಇದನ್ನೇ ನೇರವಾಗಿ ಒಪ್ಪಿದ್ದರು. ರಾಸ್ ಹ್ಯಾಸಿಗ್‌ರಂಥ ಇತಿಹಾಸಕಾರರು ಅದರ ಹಿಂದಿನ ಲೆಕ್ಕಾಚಾರವನ್ನು ಎತ್ತಿ ತೋರಿಸಿದರು: ಬಲಿಷ್ಠ ಶತ್ರುವನ್ನು ಒಂದೇ ಏಟಿಗೆ ಗೆಲ್ಲಲು ತಗಲುವ ನಷ್ಟಕ್ಕಿಂತ, ಸಣ್ಣ ಕಾಳಗಗಳಲ್ಲಿ ಅವನ ಸೇನೆಯನ್ನು ಸವೆಸುತ್ತ, ಸುತ್ತಲ ನಾಡುಗಳನ್ನು ಗೆದ್ದು ಅವನನ್ನು ಮುತ್ತುವುದು ಅಗ್ಗ. ತ್ಲಾಶ್ಕಲಾಕ್ಕೆ ಉಪ್ಪೂ ಹತ್ತಿಯೂ ಸಿಗದಂತೆ ಮಾಡಿದ್ದನ್ನು ನೋಡಿದರೆ ಈ ವಾದ ಗಟ್ಟಿ ಎನಿಸುತ್ತದೆ. ಯುವಕರಿಗೆ ಜುಟ್ಟು ಕಳೆದುಕೊಳ್ಳುವ ಅವಕಾಶ, ಗುಡಿಗೆ ಬಲಿ, ಶತ್ರುವಿಗೆ ಸವೆತ: ಮೂರೂ ಒಂದೇ ಬಯಲಿನಲ್ಲಿ ಸಿಗುತ್ತಿದ್ದಾಗ ಯಾವುದು ನಿಜವಾದ ಉದ್ದೇಶ ಎಂದು ಪಟ್ಟು ಹಿಡಿದು ಕೇಳುವುದರಲ್ಲಿ ಹೆಚ್ಚಿನ ಅರ್ಥವಿಲ್ಲ.

ಬಲಿಯಾದವರ ಸಂಖ್ಯೆಯ ಬಗ್ಗೆ ಎಚ್ಚರ ಬೇಕು. 1487ರಲ್ಲಿ ಅವಿತ್ಸೋತ್ಲ್ ಅರಸ ಮಹಾಮಂದಿರದ ವಿಸ್ತರಣೆಯನ್ನು ನೆರವೇರಿಸಿದಾಗ ನಾಲ್ಕು ದಿನಗಳಲ್ಲಿ 80,400 ಜನರನ್ನು ಬಲಿ ಕೊಟ್ಟರೆಂದು ದುರಾನ್ ಹೇಳುವ ಸಂಖ್ಯೆಯನ್ನು ಇಂದು ಬಹುತೇಕ ಯಾರೂ ಒಪ್ಪುವುದಿಲ್ಲ. ಹಾಗೆಂದು ಬಲಿಯೇ ಸ್ಪೇನಿನವರ ಕಟ್ಟುಕಥೆ ಎನ್ನುವಂತೆಯೂ ಇಲ್ಲ. 1978ರಲ್ಲಿ ವಿದ್ಯುತ್ ಕಂಪನಿಯ ಕೆಲಸಗಾರರು ನೆಲ ಅಗೆಯುವಾಗ ಕೊಯೊಲ್ಶೌಕಿ ದೇವಿಯ ಬೃಹತ್ ಶಿಲಾಫಲಕ ಸಿಕ್ಕಿ, ಎದ್ವಾರ್ದೊ ಮಾತೋಸ್ ಮೊಕ್ತೆಸುಮಾ ಅವರ ನೇತೃತ್ವದಲ್ಲಿ ಮಹಾಮಂದಿರದ ಉತ್ಖನನ ಆರಂಭವಾಯಿತು. 2015ರಿಂದ ಅದರ ಹತ್ತಿರವೇ ತಲೆಬುರುಡೆಗಳನ್ನು ಗಾರೆಯಲ್ಲಿ ಕೂರಿಸಿ ಕಟ್ಟಿದ ದುಂಡನೆಯ ಗೋಪುರ ಹೊರಬಂದಿತು. 2020ರ ಹೊತ್ತಿಗೆ ಎಣಿಸಿದ ಬುರುಡೆಗಳು ಆರುನೂರು ದಾಟಿದ್ದವು. ಅವುಗಳಲ್ಲಿ ಹೆಂಗಸರ, ಮಕ್ಕಳ ಬುರುಡೆಗಳೂ ಇವೆ. ಬಲಿಯೆಂದರೆ ರಣದಲ್ಲಿ ಹಿಡಿದ ಯೋಧರೇ ಎಂಬ ಚಿತ್ರ ಮೆಶಿಕಾ ಹಿರಿಯರು ಹೇಳಲು ಇಷ್ಟಪಟ್ಟ ಚಿತ್ರ. ನೆಲದಡಿಯ ಸಾಕ್ಷ್ಯ ಅಷ್ಟು ಅಚ್ಚುಕಟ್ಟಾಗಿಲ್ಲ.

ಶತ್ರುವನ್ನು ಕೊಲ್ಲದೆ ಹಿಡಿಯುವ ಈ ಅಭ್ಯಾಸವೇ ಮೆಶಿಕಾ ಸೋಲಿಗೆ ಕಾರಣವೆಂದು ಹಲವರು ಬರೆದಿದ್ದಾರೆ. 1521ರಲ್ಲಿ ಸ್ಪೇನಿನವರು ನಗರಕ್ಕೆ ಹಾಕಿದ ಮುತ್ತಿಗೆಯಲ್ಲಿ ಅವರ ನಾಯಕ ಎರ್ನಾನ್ ಕೊರ್ತೆಸ್ ಒಮ್ಮೆ ಮೆಶಿಕಾ ಯೋಧರ ಕೈಗೆ ಸಿಕ್ಕಿದ್ದ. ಅಲ್ಲೇ ಕೊಲ್ಲದೆ ಎಳೆದೊಯ್ಯಲು ಯತ್ನಿಸಿದ್ದರಿಂದ ಅವನ ಕಡೆಯವರು ಬಿಡಿಸಿಕೊಂಡರು ಎಂಬುದೇನೋ ನಿಜ. ಆದರೆ ಅದಕ್ಕೆ ಹಿಂದಿನ ವರ್ಷ, ಸ್ಪೇನಿನವರು ರಾತ್ರೋರಾತ್ರಿ ನಗರದಿಂದ ಓಡಿಹೋಗುವಾಗ ಇದೇ ಮೆಶಿಕಾ ಯೋಧರು ನೂರಾರು ಜನರನ್ನು ಯಾವ ಹಿಂಜರಿಕೆಯೂ ಇಲ್ಲದೆ ಕೊಂದಿದ್ದರು. ಸೋಲಿನ ಬೇರುಗಳು ಈ ವ್ಯವಸ್ಥೆಯಲ್ಲೇ ಇದ್ದವು, ಆದರೆ ಬೇರೆ ಕಡೆ. ಗೆದ್ದ ಊರುಗಳಲ್ಲಿ ಕಾವಲು ಸೇನೆಯನ್ನು ಹೆಚ್ಚಾಗಿ ಇಡದೆ, ಅಲ್ಲಿನ ಅರಸರನ್ನೇ ಉಳಿಸಿ ಕಪ್ಪ ವಸೂಲಿ ಮಾಡುತ್ತಿದ್ದುದರಿಂದ, ತೆನೊಚ್ತಿತ್ಲಾನ್ ಬಲಹೀನವಾಯಿತೆಂದು ಕಂಡ ಕ್ಷಣ ಆ ಊರುಗಳು ಕೈಬಿಡಲು ಸ್ವತಂತ್ರವಾಗಿದ್ದವು. ತಲೆಮಾರುಗಳ ಕಾಲ ಮಕ್ಕಳನ್ನು ಬಲಿಗಲ್ಲಿಗೆ ಕಳೆದುಕೊಂಡ ತ್ಲಾಶ್ಕಲಾ ಸಾವಿರಾರು ಯೋಧರನ್ನು ಕೊರ್ತೆಸ್‌ಗೆ ಕೊಟ್ಟಿತು. ಒಳಗಡೆಯೂ ಏಣಿಯ ಮೆಟ್ಟಿಲುಗಳು ಮುಚ್ಚುತ್ತಿದ್ದವು: 1502ರಲ್ಲಿ ಪಟ್ಟವೇರಿದ ಎರಡನೆಯ ಮೊಕ್ತೆಸುಮಾ ಸಾಮಾನ್ಯರ ಮನೆಯಿಂದ ಬಂದ ಅಧಿಕಾರಿಗಳನ್ನು ತೆಗೆದುಹಾಕಿ, ಅರಮನೆಯ ಸೇವೆಯನ್ನು ಹುಟ್ಟುಕುಲೀನರಿಗೆ ಮೀಸಲಿಟ್ಟನೆಂದು ದುರಾನ್ ಬರೆಯುತ್ತಾನೆ. ಇದರ ಮೇಲೆ 1520ರಲ್ಲಿ ಹಬ್ಬಿದ ಸಿಡುಬು ಅರಸ ಕ್ವಿತ್ಲಾವಾಕ್‌ನನ್ನೂ ಅಸಂಖ್ಯ ಪ್ರಜೆಗಳನ್ನೂ ತೆಗೆದುಕೊಂಡು ಹೋಯಿತು. ಕಡೆಯ ಅರಸ ಕ್ವೌತೆಮೋಕ್ 1521ರ ಆಗಸ್ಟ್ 13ರಂದು ಸೆರೆಸಿಕ್ಕ.

ಬಲಿ ನಿಂತಿತು, ಅದರೊಂದಿಗೆ ಸೆರೆಯಾಳಿನಿಂದ ಪದವಿ ಪಡೆಯುವ ದಾರಿಯೂ ಮುಚ್ಚಿತು. ಯುದ್ಧಕ್ಕೆ ಹೋಗುವುದು ಮಾತ್ರ ನಿಲ್ಲಲಿಲ್ಲ. ಇಪ್ಪತ್ತು ವರ್ಷಗಳ ನಂತರ, ಪಶ್ಚಿಮದಲ್ಲಿ ಎದ್ದ ಮಿಶ್ತೋನ್ ದಂಗೆಯನ್ನು ಅಡಗಿಸಲು ವೈಸ್‌ರಾಯ್ ಆಂತೋನಿಯೊ ದೆ ಮೆಂಡೋಜ಼ಾ ಹೊರಟಾಗ ಮೆಶಿಕಾ ಯೋಧರೂ ತ್ಲಾಶ್ಕಲಾದ ಯೋಧರೂ ಒಂದೇ ದಂಡಿನಲ್ಲಿ ನಡೆದರು. ಕೇರಿಗಳು ಹೊಸ ಹೆಸರಿನ ಬಡಾವಣೆಗಳಾಗಿ ಮುಂದುವರಿದವು. ಕಪ್ಪದ ಹಳೆಯ ಪಟ್ಟಿಗಳನ್ನು ಸ್ಪೇನಿನ ಅಧಿಕಾರಿಗಳು ತರಿಸಿಕೊಂಡು, ಯಾವ ಊರಿನಿಂದ ಎಷ್ಟು ವಸೂಲಿ ಮಾಡಬಹುದೆಂಬುದನ್ನು ಅವುಗಳಿಂದಲೇ ಅಂದಾಜು ಮಾಡಿದರು.